ಪರದೆಯ ಮೇಲಿನ ಅಂಕಿಯನ್ನು ಎಷ್ಟು ನಂಬಬೇಕು?

ದೊಡ್ಡ ಕಂಪನಿಗಳಲ್ಲಿ ಪಂಪು, ಮೋಟಾರು, ಬಾಯ್ಲರುಗಳ ಮೇಲೆ ನಿಗಾ ಇಡುವ ತಂತ್ರಾಂಶವನ್ನು ಹಲವು ತಂಡಗಳು ಬರೆಯುತ್ತವೆ. ಒಂದೊಂದು ತಂಡವೂ ತನ್ನದೇ ಬಟನ್, ತನ್ನದೇ ಮೆನು, ತನ್ನದೇ ಕೆಂಪು ಬಣ್ಣ ಆರಿಸಿಕೊಂಡರೆ ರಾತ್ರಿ ಪಾಳಿಯ ಆಪರೇಟರ್ ಪ್ರತಿ ಪರದೆಯನ್ನೂ ಹೊಸದಾಗಿ ಓದಲು ಕಲಿಯಬೇಕು. ಸೀಮೆನ್ಸ್ ಈ ತೊಂದರೆಗೆ ಕಂಡುಕೊಂಡ ದಾರಿ ‘ಇಂಡಸ್ಟ್ರಿಯಲ್ ಎಕ್ಸ್‌ಪೀರಿಯನ್ಸ್’ ಎಂಬ ವಿನ್ಯಾಸ ವ್ಯವಸ್ಥೆ. ಬಳಕೆಯ ಹೆಸರು ಐಎಕ್ಸ್. ಪರದೆಯ ಬಿಡಿಭಾಗ, ಐಕಾನ್, ಬಣ್ಣ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಎಂಐಟಿ ಪರವಾನಗಿಯಡಿ ಕೋಡ್ ಕೂಡ ಮುಕ್ತ.

ಇದರ ಬುನಾದಿ ಗಟ್ಟಿಯಾಗಿದೆ. ಬಿಡಿಭಾಗಗಳನ್ನು ವೆಬ್ ಕಾಂಪೊನೆಂಟ್‌ಗಳಾಗಿ ಕಟ್ಟಿರುವುದರಿಂದ ಆಂಗ್ಯುಲರ್, ರಿಯಾಕ್ಟ್, ವ್ಯೂ ಮೂರರಲ್ಲೂ ಬಳಸಬಹುದು. ಫ್ರೇಮ್‌ವರ್ಕುಗಳು ಬಂದು ಹೋಗುತ್ತಿರುತ್ತವೆ, ಕಾರ್ಖಾನೆಯ ಯಂತ್ರ ಮಾತ್ರ ದಶಕಗಟ್ಟಲೆ ಓಡುತ್ತದೆ. ಆ ಲೆಕ್ಕದಲ್ಲಿ ಇದು ಸರಿಯಾದ ಆಯ್ಕೆ. ಬಣ್ಣಗಳಿಗೆ ಅವುಗಳ ಕೆಲಸದ ಹೆಸರನ್ನೇ ಇಟ್ಟಿರುವುದು ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾಯಿತು: ಅಲಾರ್ಮ್, ಕ್ರಿಟಿಕಲ್, ವಾರ್ನಿಂಗ್, ಸಕ್ಸೆಸ್. ಡೆವಲಪರ್ ‘ಕೆಂಪು ಹಾಕು’ ಎನ್ನುವುದಿಲ್ಲ, ‘ಇದು ಅಲಾರ್ಮ್’ ಎನ್ನುತ್ತಾನೆ.

ಆದರೆ ಯಾವುದು ಅಲಾರ್ಮ್ ಎಂದು ತೀರ್ಮಾನಿಸುವವರು ಯಾರು? ಐಎಸ್ಎ 18.2 ಮಾನದಂಡದ ಪ್ರಕಾರ, ಆಪರೇಟರ್ ಸಕಾಲಕ್ಕೆ ಕೈಹಾಕಲೇಬೇಕಾದ ಸ್ಥಿತಿಯನ್ನು ಸೂಚಿಸುವುದಷ್ಟೇ ಅಲಾರ್ಮ್. ವರದಿಯೊಂದು ಡೌನ್‌ಲೋಡ್ ಆಗದಿದ್ದಕ್ಕೂ ಒಂದು ತಂಡ ಅದೇ ಬಣ್ಣ ಬಳಿದರೆ ಬಿಡಿಭಾಗ ಅದನ್ನು ತಡೆಯುವುದಿಲ್ಲ. ‘ಸಕ್ಸೆಸ್’ನ ಹಸಿರಿನ ವಿಷಯ ಇನ್ನೂ ತೊಡಕಿನದು. ನಮ್ಮ ವಿದ್ಯುತ್ ಸಬ್‌ಸ್ಟೇಷನ್ನುಗಳ ಪ್ಯಾನೆಲ್ ಮುಂದೆ ನಿಂತು ನೋಡಿ: ಬ್ರೇಕರ್ ಆನ್ ಇದ್ದರೆ ಕೆಂಪು ದೀಪ, ಆಫ್ ಆಗಿದ್ದರೆ ಹಸಿರು. ಅಲ್ಲಿ ಕೆಂಪು ಎಂದರೆ ಕೆಟ್ಟಿದೆ ಎಂದಲ್ಲ. ಲೈನಿನಲ್ಲಿ ವಿದ್ಯುತ್ ಇದೆ, ಮುಟ್ಟಬೇಡ ಎಂದು. ಆ ಅಭ್ಯಾಸದಲ್ಲೇ ಪಳಗಿದವರ ಮುಂದೆ, ಆನ್ ಆದ ಬ್ರೇಕರಿಗೆ ‘ಸಕ್ಸೆಸ್’ನ ಹಸಿರು ಹಚ್ಚಿದ ಪರದೆ ಇಟ್ಟರೆ ಕೈ ಎಲ್ಲಿ ತಪ್ಪುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕೆಪಿಐ ಎಂಬ ಪುಟ್ಟ ಬಿಡಿಭಾಗ. ಅದರಲ್ಲಿ ಹೆಸರು, ಅಂಕಿ, ಮಾನ, ಸ್ಥಿತಿ ಇಷ್ಟಕ್ಕೆ ಜಾಗವಿದೆ. ‘ಒತ್ತಡ, 6.2, ಬಾರ್’ ಎಂದು ನೀಟಾಗಿ ಕೂರುತ್ತದೆ. ಆದರೆ ಆ 6.2 ಯಾವಾಗಿನದು? ಸೆನ್ಸರಿನ ತಂತಿ ಕಡಿದು ಅರ್ಧ ಗಂಟೆಯಾಗಿದ್ದರೂ ಕೊನೆಯ ಅಂಕಿ ಹಾಗೇ ಉಳಿದಿರಬಹುದು. ಯಂತ್ರಗಳು ಮಾತಾಡಿಕೊಳ್ಳುವ ಒಪಿಸಿ ಯುಎ ಶಿಷ್ಟಾಚಾರದಲ್ಲಿ ಅಂಕಿಯ ಜೊತೆಗೆ ಅದನ್ನು ಅಳೆದ ಹೊತ್ತನ್ನೂ ‘ಗುಡ್’, ‘ಅನ್‌ಸರ್ಟನ್’, ‘ಬ್ಯಾಡ್’ ಎಂಬ ಗುಣಮಟ್ಟವನ್ನೂ ಕಳಿಸುವ ಏರ್ಪಾಡಿದೆ. ಸಾಧನ ಅಷ್ಟು ಪ್ರಾಮಾಣಿಕವಾಗಿ ಹೇಳಿ ಕಳಿಸಿದ್ದನ್ನು ಪರದೆ ನುಂಗಿಬಿಡುತ್ತದೆ. ಈ ವ್ಯವಸ್ಥೆಯ ಮೇಲೆ ನನ್ನ ದೊಡ್ಡ ತಕರಾರು ಇದೇ.

ಅಂಕಿಯ ವಯಸ್ಸು ತೋರಿಸಿದರೂ ಸಾಲದ ಸಂದರ್ಭಗಳಿವೆ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯ ಬಿಪಿ ಸಂಸ್ಕರಣಾಗಾರದಲ್ಲಿ ಸ್ಫೋಟವಾಗಿ 15 ಜನ ಸತ್ತರು, 180 ಜನ ಗಾಯಗೊಂಡರು. ಗೋಪುರವೊಂದಕ್ಕೆ ಮೂರು ಗಂಟೆಗೂ ಹೆಚ್ಚು ಕಾಲ ದ್ರವ ತುಂಬುತ್ತಲೇ ಇತ್ತು, ಹೊರಗೆ ಹೋಗುತ್ತಿರಲಿಲ್ಲ. ಮಟ್ಟ ಮಾಪಕ ಮಾತ್ರ ದ್ರವ ಇಳಿಯುತ್ತಿದೆ ಎಂದೇ ತೋರಿಸುತ್ತಿತ್ತು. ಒಳಹರಿವು ಒಂದು ಪರದೆಯಲ್ಲಿ, ಹೊರಹರಿವು ಇನ್ನೊಂದರಲ್ಲಿ ಇತ್ತು ಎಂಬುದನ್ನು ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿಯ ತನಿಖೆ ಎತ್ತಿ ಹೇಳಿತು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಿದ್ದರೆ ಮಾಪಕದ ಸುಳ್ಳು ಕಣ್ಣಿಗೆ ಬೀಳುವ ಸಾಧ್ಯತೆಯಿತ್ತು.

ಎಷ್ಟೇ ಅಚ್ಚುಕಟ್ಟಾದ ಬಟನ್ನುಗಳ ಸಂಗ್ರಹವಿದ್ದರೂ ಇಂಥ ಜೋಡಣೆ ತಾನಾಗಿ ಹುಟ್ಟುವುದಿಲ್ಲ. ಯಾವ ಅಂಕಿ ಯಾವುದರ ಪಕ್ಕದಲ್ಲಿರಬೇಕು ಎಂಬುದು ಪ್ರೊಸೆಸ್ ಎಂಜಿನಿಯರಿಗೂ ಪರದೆಯ ಮುಂದೆ ಕೂರುವ ಆಪರೇಟರಿಗೂ ಗೊತ್ತು. ಡಿಸೈನರ್ ಮತ್ತು ಡೆವಲಪರರ ಜೊತೆ ಅವರೂ ಕೂತು ಬಿಡಿಭಾಗಗಳ ನಿಯಮ ಬರೆಯಬೇಕು. ಟ್ಯಾಂಕು, ಬ್ರೇಕರು, ಪಂಪುಗಳಿಗೆ ತಯಾರಾದ ಪರದೆ ಮಾದರಿಗಳು ಬರಬೇಕು. ಕೋಡ್ ಮುಕ್ತವಾಗಿರುವುದರಿಂದ ಹೊರಗಿನವರೂ ಬದಲಾವಣೆ ಸೂಚಿಸಬಹುದು. ಕೆಪಿಐಗೆ ಹೊತ್ತು ಮತ್ತು ಗುಣಮಟ್ಟ ಎಂಬ ಎರಡು ಜಾಗ ಸೇರಿಸಿ, ಅವು ಖಾಲಿ ಇದ್ದರೆ ಅಂಕಿಯೇ ಮೂಡದಂತೆ ಮಾಡುವುದು ಮೊದಲು ಆಗಬೇಕಾದ ಕೆಲಸ.