ಗ್ಯಾದರಿಂಗ್ ಕೆಡಿಸಿದ್ದೇನು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಆಳಂದ ಸೀಮೆಯ ಚಹಾದಂಗಡಿಗಳಲ್ಲಿ ಒಂದು ಮಾತು ತಪ್ಪದೆ ಕೇಳುತ್ತದೆ: ‘ಸಾಲಿಗಿ ಕಲೀಲಾಕ ಕಳಸ್ತೀವಿ, ಕುಣೀಲಾಕ ಅಲ್ಲ.’ 2025ರಲ್ಲಿ ಕಲಬುರಗಿ ಜಿಲ್ಲೆ ಶೇ. 42.43 ಪಡೆದು ರಾಜ್ಯಕ್ಕೇ ಕೊನೆಯದಾದಾಗ ಈ ಮಾತಿಗೆ ಇನ್ನಷ್ಟು ಬಲ ಬಂತು. ಗ್ಯಾದರಿಂಗ್ ಎಂಬ ಶಾಲಾ ವಾರ್ಷಿಕೋತ್ಸವ ಬೇಡ, ಪ್ರವಾಸ ಬೇಡ, ಬೀಳ್ಕೊಡುಗೆಗೆ ಹುಡುಗಿಯರು ಸೀರೆ ಉಟ್ಟು ಫೋಟೊ ತೆಗೆಸಿಕೊಳ್ಳುವುದಂತೂ ಬೇಡವೇ ಬೇಡ; ಆ ಹೊತ್ತಿಗೆ ವಿಶೇಷ ತರಗತಿ ಇಡಿ. ಪಾಲಕರು, ಊರ ಹಿರಿಯರು, ಎಷ್ಟೋ ಮಂದಿ ಶಿಕ್ಷಕರೂ ಒಪ್ಪಿ ತಲೆದೂಗುವ ಮಾತಿದು. ನಾನು ಒಪ್ಪುವುದಿಲ್ಲ.

ಲೆಕ್ಕದಿಂದಲೇ ಶುರು ಮಾಡೋಣ. 2023ರಲ್ಲಿ ಇಡೀ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗ್ ಕಣ್ಣು ಬಿತ್ತು. ಕೈತುಂಬ ಕೃಪಾಂಕ ಕೊಟ್ಟರೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಆ ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳೆಲ್ಲ ವಿಪರೀತ ಕುಣಿದುಬಿಟ್ಟರೇ? ಇಲ್ಲ, ಕ್ಯಾಮೆರಾ ಬಂತು, ಅಷ್ಟೇ. ಇನ್ನು ನಮ್ಮವರು ಮಾತೆತ್ತಿದರೆ ತೋರಿಸುವ ದಕ್ಷಿಣ ಕನ್ನಡ, 2025ರಲ್ಲಿ ಶೇ. 91.12 ಪಡೆದು ಮೊದಲ ಸ್ಥಾನಕ್ಕೆ ಹೋದ ಜಿಲ್ಲೆ. ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಗೆಜ್ಜೆ ಕಟ್ಟಿ ಯಕ್ಷಗಾನ ಕಲಿಯುತ್ತಾರೆ, ರಾತ್ರಿಯವರೆಗೆ ವಾರ್ಷಿಕೋತ್ಸವ ನಡೆಯುತ್ತದೆ. ಕುಣಿದದ್ದಕ್ಕೇ ಅವರು ಪಾಸಾದರು ಎಂದು ನಾನು ಹೇಳುವುದಿಲ್ಲ. ಕುಣಿತ ಅಡ್ಡ ಬರಲಿಲ್ಲ ಎನ್ನುವುದಕ್ಕೆ ಮಾತ್ರ ಇಷ್ಟು ಸಾಕು.

ಹಾಗಾದರೆ ಆಳಂದ ಸೀಮೆಯ ಭೂಸನೂರಿನ ಕಡೆ ನಿಜವಾಗಿ ಅಡ್ಡ ಬರುವುದೇನು? ಸಕ್ಕರೆ ಕಾರ್ಖಾನೆ ಕಬ್ಬು ನುರಿಸಲು ಶುರು ಮಾಡಿತೆಂದರೆ ರಸ್ತೆಯ ತುಂಬ ಟ್ರ್ಯಾಕ್ಟರ್ ಟ್ರೇಲರುಗಳು. ಅದೇ ಹೊತ್ತಿಗೆ ತೊಗರಿ ಕೊಯ್ಲು, ಬೆನ್ನಿಗೇ ರಾಶಿ. ಹೊಲಕ್ಕೆ ಕೈ ಬೇಕು; ಅವ್ವ ಹೊಲಕ್ಕೆ ಹೋದರೆ ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೊಬ್ಬಳು ಬೇಕು. ತಾಂಡಾಗಳಿಂದ ದುಡಿಯಲು ಮುಂಬೈ, ಪುಣೆಗೆ ಹೊರಟ ಕುಟುಂಬಗಳ ಜತೆ ಮಕ್ಕಳೂ ಗಂಟುಮೂಟೆ ಕಟ್ಟುತ್ತಾರೆ. ತರಗತಿ ಬರಿದಾಗುವುದು ಹೀಗೆ. ಗ್ಯಾದರಿಂಗೂ ಇದೇ ಹಂಗಾಮಿನಲ್ಲಿ ಬರುತ್ತದೆ, ಹಾಗಾಗಿ ಪಾಪ ಅದರ ಮೇಲೆ ಬರುತ್ತದೆ. ನನ್ನ ಮಟ್ಟಿಗೆ ವಿಷಯ ತಿರುವುಮುರುವಾಗಿದೆ: ವಾರಗಟ್ಟಲೆ ಗೈರಾದ ಹುಡುಗ ತಿರುಗಿ ಶಾಲೆಯ ಗೇಟು ದಾಟುವುದು ತಾಲೀಮು ಶುರುವಾಯಿತೆಂದು ಕೇಳಿದಾಗ. ಅವನನ್ನು ಗಣಿತದ ಪುಸ್ತಕ ಕರೆತರಲಿಲ್ಲ. ಬಂದವನ ಕೈಗೆ ಗಣಿತದ ಪುಸ್ತಕ ಕೊಡಲು ಶಾಲೆಯಲ್ಲಿ ಗಣಿತದ ಶಿಕ್ಷಕರಿರಬೇಕು, ಅದು ಬೇರೆ ಮಾತು. ಆ ಖಾಲಿ ಹುದ್ದೆಯ ಬಗ್ಗೆ ಚಹಾದಂಗಡಿಯಲ್ಲಿ ಇಷ್ಟು ಸಿಟ್ಟು ಯಾಕೋ ಕಾಣುವುದಿಲ್ಲ.

ಎರಡನೆಯ ಆರೋಪ, ಈ ಕುಣಿತವೆಲ್ಲ ಹೊರಗಿನಿಂದ ಬಂದ ಚಟ ಎಂಬುದು. ಹೌದೇ? ಮೊಹರಂ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಹಿಂದೂ ಯಾರು, ಮುಸ್ಲಿಂ ಯಾರು ಎಂದು ವಿಂಗಡಿಸಲು ಬರುತ್ತದೆಯೇ? ಹೋಳಿಗೆ ತಾಂಡಾದಲ್ಲಿ ಗಂಡು ಹೆಣ್ಣು ಎಲ್ಲರೂ ಕುಣಿಯುತ್ತಾರೆ. ಮದುವೆಯ ಮೆರವಣಿಗೆಯಲ್ಲಿ ಡಿಜೆ ಮುಂದೆ ಮೈಮರೆಯುವ ಕಾಕಾ, ಮಾಮಾಗಳನ್ನಂತೂ ಕೇಳಲೇಬೇಡಿ. ಕುಣಿತಕ್ಕೆ ನಮ್ಮೂರಲ್ಲಿ ಯಾರ ತಕರಾರೂ ಇಲ್ಲ. ತಕರಾರು ಇರುವುದು ಹೈಸ್ಕೂಲು ಹುಡುಗಿ ವೇದಿಕೆ ಹತ್ತುವುದಕ್ಕೆ, ಅವಳ ಪಕ್ಕ ಯಾರು ನಿಲ್ಲುತ್ತಾರೆ ಎನ್ನುವುದಕ್ಕೆ.

ಈ ‘ಪಕ್ಕ ಯಾರು’ ಎಂಬ ಪ್ರಶ್ನೆ ನಮ್ಮದೊಂದೇ ಅಲ್ಲ. ಅಮೆರಿಕದ ಹೈಸ್ಕೂಲುಗಳಲ್ಲಿ ವರ್ಷದ ಕೊನೆಗೆ ಪ್ರಾಮ್ ಎಂಬ ನೃತ್ಯಕೂಟ ನಡೆಯುತ್ತದೆ. ಸೂಟು, ಉದ್ದನೆಯ ಗೌನು, ಬಾಡಿಗೆ ಕಾರು. ನೋಡಿದರೆ ಬರೀ ಶೋಕಿ. ಆದರೆ ಮಿಸಿಸಿಪಿ ರಾಜ್ಯದ ಚಾರ್ಲ್ಸ್‌ಟನ್ ಎಂಬ ಸಣ್ಣ ಊರಿನಲ್ಲಿ ಒಂದೇ ತರಗತಿಯಲ್ಲಿ ಕೂತು ಕಲಿಯುವ ಕರಿಯ ಮತ್ತು ಬಿಳಿಯ ಮಕ್ಕಳಿಗೆ 2008ರವರೆಗೂ ಬೇರೆ ಬೇರೆ ಪ್ರಾಮ್ ಇತ್ತು. ನಟ ಮಾರ್ಗನ್ ಫ್ರೀಮನ್ ಖರ್ಚು ತಾನು ಕೊಡುತ್ತೇನೆ, ಎಲ್ಲರಿಗೂ ಒಂದೇ ಮಾಡಿ ಎಂದು 1997ರಲ್ಲೇ ಕೇಳಿದ್ದರು. ಊರು ಒಪ್ಪಲು ಹನ್ನೊಂದು ವರ್ಷ ಹಿಡಿಯಿತು. ಪಾಠಕ್ಕೆ ಒಟ್ಟಿಗೆ ಕೂರಬಹುದು, ಕುಣಿಯಲು ಕೂಡದು. ನಮ್ಮ ಗ್ಯಾದರಿಂಗಿನ ಗ್ರೂಪ್ ಡ್ಯಾನ್ಸಿಗೆ ಮಕ್ಕಳನ್ನು ಆರಿಸುವಾಗಲೂ ಯಾವ ಓಣಿಯ ಹುಡುಗಿ ಮುಂದಿನ ಸಾಲಿಗೆ, ಯಾವ ಓಣಿಯವಳು ಹಿಂದಿನ ಸಾಲಿಗೆ ಎಂದು ಸ್ವಲ್ಪ ಗಮನಿಸಿ. ಬಾಡಿಗೆ ಡ್ರೆಸ್ಸಿನ ದುಡ್ಡು ಕೊಡಲಾಗದವರು ಯಾರು, ಕುರ್ಚಿ ಜೋಡಿಸುವವರು ಯಾರು ಎಂದೂ ಲೆಕ್ಕ ಹಾಕಿ. ಗ್ಯಾದರಿಂಗಿನಲ್ಲಿ ಸುಧಾರಿಸಬೇಕಾದದ್ದು ಇದು. ಹುಡುಗಿಯರ ವಿಡಿಯೊ ತೆಗೆದು ರೀಲ್ಸ್ ಮಾಡಿ ಹಂಚುವ ಪಡ್ಡೆಗಳ ಭಯವೂ ಸುಳ್ಳಲ್ಲ. ಗೇಟಿನಲ್ಲೇ ಮೊಬೈಲು ಇಟ್ಟುಕೊಂಡು ಒಳಗೆ ಬಿಡಲಿ. ಫೋನು ಹಿಡಿದವನನ್ನು ಬಿಟ್ಟು ಕುಣಿಯುವವಳನ್ನು ಮನೆಗೆ ಕಳಿಸುವುದು ಯಾವ ನ್ಯಾಯ?

ಪ್ರವಾಸದ ವಿಷಯ ಇನ್ನೂ ಗಂಭೀರ. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಸಮುದ್ರದಲ್ಲಿ ಮುಳುಗಿ ತೀರಿಹೋದರು. ಆ ತಾಯಂದಿರ ಎದುರು ಯಾವ ವಾದವೂ ನಿಲ್ಲುವುದಿಲ್ಲ. ಆದರೂ ಹೇಳಬೇಕು: ಒಂದೇ ಬಸ್ಸಿನಲ್ಲಿ ಮಕ್ಕಳನ್ನು ತುಂಬಿ, ಕೆಲವೇ ದಿನದಲ್ಲಿ ಹತ್ತಾರು ಊರು ಸುತ್ತಿಸಿ, ದಣಿದ ಶಿಕ್ಷಕರ ಕೈಯಲ್ಲಿ ಕಡಲ ದಂಡೆಗೆ ಬಿಡುವ ಪ್ರವಾಸದ ಮಾದರಿಯೇ ಕೆಟ್ಟದ್ದು. ಓಡುತ್ತ ನೋಡುವುದಕ್ಕಿಂತ ಒಂದು ಕಡೆ ನಿಂತು ಇರುವುದು ಲೇಸು.

ಅಂಥ ಮಾದರಿ ಸರ್ಕಾರದ ಕೈಯಲ್ಲೇ ಇದೆ. 1986ರ ಶಿಕ್ಷಣ ನೀತಿಯಿಂದ ಹುಟ್ಟಿದ ನವೋದಯ ಶಾಲೆಗಳಲ್ಲಿ ಒಂಬತ್ತನೆಯ ತರಗತಿಯ ಶೇ. 30ರಷ್ಟು ಮಕ್ಕಳು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಹೋಗಿ ಓದಬೇಕು. ಅಲ್ಲಿಂದ ಅಷ್ಟೇ ಮಕ್ಕಳು ಇಲ್ಲಿಗೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದು ಬೆಳೆದ ಹುಡುಗ ಹಿಂದಿ ಸೀಮೆಯ ಹಾಸ್ಟೆಲಿನಲ್ಲಿ ಚಳಿಗಾಲ ಕಳೆಯುತ್ತಾನೆ. ‘ಮಕ್ಕಳು ಕೆಡುತ್ತಾರೆ’ ಎಂದು ಅಲ್ಲಿ ಯಾರೂ ಅನ್ನುವುದಿಲ್ಲ, ಯಾಕೆಂದರೆ ಅವರು ಪರೀಕ್ಷೆ ಬರೆದು ಆಯ್ಕೆಯಾದವರು. ನಗರದ ದುಬಾರಿ ಶಾಲೆಯ ಮಗು ವಿನಿಮಯದ ಹೆಸರಿನಲ್ಲಿ ವಿದೇಶಕ್ಕೆ ಹಾರಿದರೆ ಪತ್ರಿಕೆಯಲ್ಲಿ ಫೋಟೊ. ಸರ್ಕಾರಿ ಹೈಸ್ಕೂಲಿನ ಮಗು ಹಂಪಿ ನೋಡುತ್ತೇನೆಂದರೆ ‘ಮೊದಲು ಪಾಸಾಗು’. ಅಂದರೆ ಊರು ಬಿಟ್ಟು ನೋಡುವುದು ಕಲಿಕೆಯಲ್ಲವೆಂದು ಯಾರೂ ನಂಬಿಲ್ಲ. ಅದನ್ನು ಅಂಕಕ್ಕೆ ಕೊಡುವ ಬಹುಮಾನವನ್ನಾಗಿ ಮಾಡಿದ್ದಾರೆ.

ವಿದೇಶವೇ ಬೇಕೆಂದೇನಿಲ್ಲ. ಗಡಿಯಾಚೆಯ ಅಕ್ಕಲಕೋಟೆ ತಾಲ್ಲೂಕಿನಲ್ಲಿ ಮಹಾರಾಷ್ಟ್ರ ಸರ್ಕಾರದ ಕೆಳಗೆ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿದ್ದಾರೆ. ಅವರ ಇತಿಹಾಸದ ಪುಸ್ತಕ ಬೇರೆ, ಪರೀಕ್ಷೆ ಬೇರೆ, ನೌಕರಿಯ ಚಿಂತೆ ಬೇರೆ, ಮನೆಮಾತು ನಮ್ಮದೇ. ಒಂದು ವಾರ ಇಲ್ಲಿನ ಮಕ್ಕಳು ಅಲ್ಲಿ, ಅಲ್ಲಿನವರು ಇಲ್ಲಿ ಇರಲಿ. ಮುಂದಿನ ವರ್ಷ ಬೆಳ್ತಂಗಡಿಯದೋ ಪುತ್ತೂರಿನದೋ ಒಂದು ಶಾಲೆಯ ಜತೆ. ಕರಾವಳಿಯ ಮಗು ತೊಗರಿ ರಾಶಿ ನೋಡಲಿ, ನಮ್ಮ ಮಗು ಯಕ್ಷಗಾನದ ಚೌಕಿಯಲ್ಲಿ ಕೂತು ಬಣ್ಣ ಹಚ್ಚುವುದನ್ನು ನೋಡಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಟ್ಟಡಗಳಿಗೆ ಸುರಿಯುವ ಹಣದಲ್ಲಿ ಇದರ ಬಸ್ ಚಾರ್ಜು ಲೆಕ್ಕಕ್ಕೂ ಸಿಗದು.

ಬಂದ ಮಕ್ಕಳು ಉಳಿಯುವುದು ಯಾರ ಮನೆಯಲ್ಲಿ? ತೊಡಕು ಶುರುವಾಗುವುದು ಇಲ್ಲಿ. ಹಾಸ್ಟೆಲಿನಲ್ಲಿ ಇಟ್ಟರೆ ವಿನಿಮಯ ಅರ್ಧಕ್ಕೇ ನಿಂತಂತೆ. ಮನೆಯಲ್ಲೇ ಉಳಿಯಬೇಕು, ಅಡುಗೆಮನೆಯಲ್ಲಿ ಕೂತು ಉಣ್ಣಬೇಕು. ಅತಿಥಿ ಮಗುವಿಗೆ ‘ಚಲೋ ಮನಿ’ ಹುಡುಕಲು ಊರಿನ ಪ್ರಮುಖರು ಮುಂದೆ ಬರುತ್ತಾರೆ, ಆ ಮನೆಗಳೆಲ್ಲ ಎರಡೇ ಓಣಿಯಲ್ಲಿರುತ್ತವೆ. ಹಾಗಾಗಬಾರದು. ಒಪ್ಪಿದ ಎಲ್ಲ ಮನೆಗಳ ಹೆಸರು ಡಬ್ಬಿಗೆ ಹಾಕಿ ಮಕ್ಕಳ ಕೈಯಿಂದಲೇ ಚೀಟಿ ಎತ್ತಿಸಲಿ. ಬಿದ್ದ ಚೀಟಿಗೆ ಆಕ್ಷೇಪ ಇದ್ದವರು ಶಾಲೆಯ ಎಸ್‌ಡಿಎಂಸಿ ಸಭೆಯ ನಡಾವಳಿ ಪುಸ್ತಕದಲ್ಲಿ ಕಾರಣ ಬರೆದು, ಕೆಳಗೆ ಸಹಿ ಹಾಕಲಿ.