ಆಡುವವನಿಲ್ಲದ ಆಟ

ಗ್ಲೈಡರ್ ಎಂಬ ತಂತ್ರಾಂಶಕ್ಕೆ ಎರಡು ಬೆಲೆಗಳಿದ್ದವು. 15ರಿಂದ 25 ಡಾಲರ್ ಕೊಟ್ಟರೆ ಅದು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟವನ್ನು ನಿಮ್ಮ ಬದಲಿಗೆ ಆಡುತ್ತಿತ್ತು. ಅದರ ಮೇಲೆ ತಿಂಗಳಿಗೆ 5 ಡಾಲರ್ ಕೊಟ್ಟರೆ, ಹೀಗೆ ಯಂತ್ರ ಆಡುತ್ತಿರುವುದು ಕಂಪನಿಯ ಕಣ್ಣಿಗೆ ಬೀಳದಂತೆ ಇನ್ನಷ್ಟು ಕಾವಲು ಒದಗಿಸುವುದಾಗಿ ಹೇಳುತ್ತಿತ್ತು. ಹೀಗೆ ತಾವೇ ಆಡುವ ತಂತ್ರಾಂಶಗಳ, ಅಂದರೆ ಬಾಟ್‌ಗಳ, ಬಗ್ಗೆ ಚರ್ಚೆ ಬಂದಾಗ ಎಲ್ಲರೂ ಮೊದಲನೆಯ ಬೆಲೆಯ ಮಾತಾಡುತ್ತಾರೆ. ನನಗೆ ಎರಡನೆಯದೇ ಮುಖ್ಯ. ಖಾತೆ ಹೋಗುವ ಭಯ ಹುಟ್ಟಿಸುವ ಸರಕನ್ನೂ ಆ ಭಯದ ಮದ್ದನ್ನೂ ಒಂದೇ ಅಂಗಡಿ ಮಾರುತ್ತಿತ್ತು.

ಅಮೆರಿಕದ ಪ್ರೋಗ್ರಾಮರ್ ಮೈಕೇಲ್ ಡೊನೆಲಿ 2005ರಲ್ಲಿ ಗ್ಲೈಡರನ್ನು ಬರೆದದ್ದು ತನ್ನ ಸ್ವಂತಕ್ಕೆ. ಆತನೂ ಆ ಆಟದ ಆಟಗಾರ. ಅದೇ ವರ್ಷ ಅದು ಮಾರಾಟಕ್ಕೆ ಬಂತು. ಕೆಲಸಗಾರಿಕೆಯ ದೃಷ್ಟಿಯಿಂದ ನೋಡಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಪಾತ್ರವನ್ನು ಗೊತ್ತಾದ ದಾರಿಯಲ್ಲಿ ನಡೆಸುತ್ತಿತ್ತು, ಎದುರಾದ ಪ್ರಾಣಿಯನ್ನು ಕೊಲ್ಲುತ್ತಿತ್ತು, ಬಿದ್ದ ಸಾಮಾನನ್ನು ಹೆಕ್ಕುತ್ತಿತ್ತು, ಮತ್ತೆ ಅದೇ ದಾರಿ ಹಿಡಿಯುತ್ತಿತ್ತು. ಒಡೆಯ ನಿದ್ದೆಯಲ್ಲಿದ್ದರೂ ಪಾತ್ರದ ಲೆವೆಲ್ ಏರುತ್ತಿತ್ತು. 2008ರ ಸೆಪ್ಟೆಂಬರ್ ಹೊತ್ತಿಗೆ ಸುಮಾರು 1,20,000 ಪರವಾನಗಿಗಳು ಮಾರಾಟವಾಗಿ 35 ಲಕ್ಷ ಡಾಲರ್ ಬಂದಿತ್ತೆಂದು, ಆಟದ ಕಂಪನಿಯ ಜೊತೆ ನಡೆದ ಮೊಕದ್ದಮೆಯಲ್ಲಿ ನ್ಯಾಯಾಲಯದ ದಾಖಲೆ ಹೇಳುತ್ತದೆ.

ಇಷ್ಟು ಜನ ಯಾಕೆ ಕೊಂಡರು? ಅವರನ್ನೆಲ್ಲ ಕಳ್ಳರೆಂದು ಕರೆದು ಮುಂದೆ ಹೋಗುವುದು ಸುಲಭ. ನಾನು ಹಾಗೆ ಮಾಡುವುದಿಲ್ಲ. ಆರಂಭದಲ್ಲಿ ಆ ಆಟದ ಅತಿ ಎತ್ತರದ ಲೆವೆಲ್ 60. ಗೆಳೆಯರ ಜೊತೆ ಗುಂಪುಕಟ್ಟಿ ಆಡುವ ದೊಡ್ಡ ದಾಳಿಗಳೆಲ್ಲ ಅಲ್ಲಿಗೆ ತಲುಪಿದವರಿಗೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಮಾತ್ರ ಒಂದೇ ಬಗೆಯ ಹಂದಿಯನ್ನೋ ತೋಳವನ್ನೋ ಹತ್ತು, ಇಪ್ಪತ್ತು, ನೂರು ಸಲ ಕೊಲ್ಲಬೇಕು. ಆಟಗಾರರು ಇದನ್ನು ಗ್ರೈಂಡ್ ಎನ್ನುತ್ತಾರೆ. ಒರಳಲ್ಲಿ ರುಬ್ಬಿದ ಹಾಗೆ ಸುತ್ತಿದ್ದೇ ಸುತ್ತುವುದು. ಹಗಲು ಉದ್ಯೋಗ, ಸಂಜೆ ಮನೆಯ ಕೆಲಸ ಇರುವವನಿಗೆ ಅಷ್ಟು ಗಂಟೆಗಳು ಎಲ್ಲಿಂದ ಬರಬೇಕು? ಮನುಷ್ಯ ಗಮನವಿಡದೆಯೂ ನಡೆಯುವ ಕೆಲಸವನ್ನು ಆಟದೊಳಗೆ ತುಂಬಿದ ಮೇಲೆ, ಅದನ್ನು ಯಂತ್ರಕ್ಕೆ ಒಪ್ಪಿಸುವ ಆಸೆ ಹುಟ್ಟುವುದರಲ್ಲಿ ಆಟ ಕಟ್ಟಿದವರ ಪಾಲೂ ಇದೆ. ಈ ಮಾತನ್ನು ಅವರು ಇಂದಿಗೂ ಪೂರ್ತಿಯಾಗಿ ಒಪ್ಪಿಕೊಂಡಿಲ್ಲ.

ಆದರೆ ಕೊಂಡವರು ಕಟ್ಟಿದ ಪಣ ಯಾವುದು ಎಂದು ಕೇಳಿಕೊಂಡರೆ ನನ್ನ ಸಹಾನುಭೂತಿ ಅಲ್ಲಿಗೇ ನಿಲ್ಲುತ್ತದೆ. ಉಳಿಸಿದ್ದು ಕೆಲವು ವಾರಗಳ ಬೇಸರ. ಪಣಕ್ಕಿಟ್ಟದ್ದು ವರ್ಷಗಳ ಖಾತೆ. ಆ ಖಾತೆಯಾದರೂ ಆಟಗಾರನದಲ್ಲ. ಯಾರೂ ಓದದೆ ‘ಒಪ್ಪಿದ್ದೇನೆ’ ಎಂದು ಒತ್ತುವ ಕರಾರಿನಲ್ಲಿ ಅದು ಕಂಪನಿಯ ಸೊತ್ತು, ನಮಗಿರುವುದು ಬಳಸುವ ಅನುಮತಿ ಮಾತ್ರ ಎಂದು ಬರೆದಿರುತ್ತದೆ. ಬಾಡಿಗೆ ಮನೆಯ ಗೋಡೆಗೆ ಎಷ್ಟು ಬಣ್ಣ ಹೊಡೆಸಿದರೂ ಬೀಗದ ಕೈ ಮಾಲೀಕನ ಬಳಿಯೇ ಇರುತ್ತದಲ್ಲ, ಹಾಗೆ.

ಖಾತೆ ಮುಚ್ಚುವ ಶಿಕ್ಷೆ, ಅಂದರೆ ಬ್ಯಾನ್, ಹೇಗೆ ಬರುತ್ತದೆ ಎಂಬುದನ್ನು ಬಾಟ್ ಮಾರುವವರು ವಿವರವಾಗಿ ಹೇಳುವುದಿಲ್ಲ, ಹಾಗಾಗಿ ಇಲ್ಲಿ ಹೇಳಬೇಕು. 2005ರ ಸೆಪ್ಟೆಂಬರ್‌ನಲ್ಲಿ ಆ ಆಟ ಕಟ್ಟಿದ ಬ್ಲಿಝಾರ್ಡ್ ಕಂಪನಿ ವಾರ್ಡನ್ ಎಂಬ ಪತ್ತೆ ತಂತ್ರಾಂಶವನ್ನು ತಂದಿತು. ಅದು ಆಟಗಾರನ ಕಂಪ್ಯೂಟರಿನ ಮೆಮೊರಿಯಲ್ಲಿ ಪರಿಚಿತ ಬಾಟ್‌ಗಳ ಗುರುತು ಇದೆಯೇ ಎಂದು ಹುಡುಕುತ್ತದೆ. ಬಂದ ಕೂಡಲೇ ಗ್ಲೈಡರ್ ಬಳಸುತ್ತಿದ್ದ ಬಹುತೇಕರ ಖಾತೆಗಳು ಹೋದವು. ಗ್ಲೈಡರ್ ತನ್ನ ರೂಪ ಬದಲಿಸಿಕೊಂಡಿತು. ತಿಂಗಳಿಗೆ 5 ಡಾಲರಿನ ಕಾವಲು ಶುರುವಾದದ್ದು ಈ ಪೆಟ್ಟಿನ ನಂತರ. ಇನ್ನೊಂದು ಬಗೆಯ ಪತ್ತೆ ನಡೆಯುವುದು ಕಂಪನಿಯ ಸರ್ವರ್‌ನಲ್ಲಿ. ಅದಕ್ಕೆ ನಿಮ್ಮ ಕಂಪ್ಯೂಟರಿನ ಹಂಗೇ ಬೇಡ. ಒಂದು ಪಾತ್ರ ಇಪ್ಪತ್ತು ಗಂಟೆ ನಿಲ್ಲದೆ ಓಡಾಡಿದೆಯೇ, ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ತಿರುಗುತ್ತದೆಯೇ, ಎರಡು ಕ್ಲಿಕ್‌ಗಳ ನಡುವಿನ ಅಂತರ ಗಡಿಯಾರದಷ್ಟು ಕರಾರುವಾಕ್ಕೇ ಎಂದು ನೋಡಿದರೆ ಸಾಕು. ಮನುಷ್ಯನ ಕೈ ತಡವರಿಸುತ್ತದೆ, ನೀರು ಕುಡಿಯಲು ಏಳುತ್ತದೆ. ಈ ತಡವರಿಕೆಯನ್ನೂ ನಟಿಸುವ ಬಾಟ್‌ಗಳಿವೆ ನಿಜ. ಸಾವಿರಾರು ಖಾತೆಗಳಲ್ಲಿ ಒಂದೇ ನಟನೆ ಕಂಡಾಗ ಅದೂ ಗುರುತಾಗಿಬಿಡುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಬ್ಯಾನ್‌ನ ಸಮಯ. ಸಿಕ್ಕಿಬಿದ್ದ ದಿನವೇ ಖಾತೆ ಮುಚ್ಚಿದರೆ, ಬಾಟ್ ಬರೆದವನಿಗೆ ತನ್ನ ಯಾವ ಹೆಜ್ಜೆ ತಪ್ಪಿತೆಂದು ತಿಳಿದುಬಿಡುತ್ತದೆ. ಹಾಗಾಗಿ ಕಂಪನಿಗಳು ಹೆಸರುಗಳನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಕೂಡಿಟ್ಟು ಒಂದೇ ದಿನ ಹೊಡೆಯುತ್ತವೆ. ಬ್ಯಾನ್ ವೇವ್ ಎನ್ನುವುದು ಇದನ್ನೇ. ಇಂಗ್ಲೆಂಡಿನ ಜಾಗೆಕ್ಸ್ ಕಂಪನಿ 2011ರ ಅಕ್ಟೋಬರ್‌ನಲ್ಲಿ ‘ರೂನ್‌ಸ್ಕೇಪ್’ ಆಟದ ಸುಮಾರು 15 ಲಕ್ಷ ಖಾತೆಗಳನ್ನು ಒಂದೇ ದಿನದಲ್ಲಿ ಮುಚ್ಚಿತು. ಗ್ಲೈಡರ್ ಹೋದ ಮೇಲೆ ಅದರ ಜಾಗಕ್ಕೆ ಬಂದ, ಜರ್ಮನಿಯ ಬಾಸ್‌ಲ್ಯಾಂಡ್ ಕಂಪನಿಯ ‘ಆನರ್‌ಬಡ್ಡಿ’ಗೆ 2015ರ ಮೇ ತಿಂಗಳಲ್ಲಿ ದೊಡ್ಡ ಹೊಡೆತ ಬಿತ್ತು, ಬಾಟ್ ಬಳಸಿದ ಒಂದು ಲಕ್ಷಕ್ಕೂ ಹೆಚ್ಚು ಖಾತೆಗಳನ್ನು ಆರು ತಿಂಗಳು ಅಮಾನತಿನಲ್ಲಿಟ್ಟರು. ಆ ಖಾತೆಗಳ ಒಡೆಯರಲ್ಲಿ ಬಹಳಷ್ಟು ಮಂದಿ ಹಿಂದಿನ ರಾತ್ರಿಯವರೆಗೂ ತಾವು ಸುರಕ್ಷಿತ ಎಂದೇ ತಿಳಿದಿದ್ದಿರಬೇಕು.

ಬಾಟ್ ವ್ಯಾಪಾರದ ಮೇಲೆ ನನ್ನ ಮುಖ್ಯ ಆಕ್ಷೇಪ ಇದು. ‘ಇದುವರೆಗೆ ಯಾರೂ ಸಿಕ್ಕಿಬಿದ್ದಿಲ್ಲ’ ಎಂಬುದು ಆ ವ್ಯಾಪಾರದ ಅತಿ ದೊಡ್ಡ ಜಾಹೀರಾತು. ಆದರೆ ಶಿಕ್ಷೆಯನ್ನು ಬೇಕೆಂದೇ ತಡಮಾಡುವ ವ್ಯವಸ್ಥೆಯಲ್ಲಿ ಆ ಮಾತಿಗೆ ಅರ್ಥವಿಲ್ಲ. ಪತ್ತೆಯಾಗದ ಖಾತೆ ಮತ್ತು ಪತ್ತೆಯಾಗಿ ಪಟ್ಟಿಯಲ್ಲಿ ಕಾಯುತ್ತಿರುವ ಖಾತೆ, ಎರಡೂ ಹೊರಗಿನಿಂದ ಒಂದೇ ತರ ಕಾಣುತ್ತವೆ. ಮಾರುವವನಿಗೂ ವ್ಯತ್ಯಾಸ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಆತ ಹಣಕ್ಕೆ ಮಾರುತ್ತಾನೆ. ನಷ್ಟವಾದಾಗ, ಬಾಟ್ ಬಳಸುವುದು ಕರಾರಿಗೆ ವಿರುದ್ಧ ಎಂದು ನಾವು ಮೊದಲೇ ತಿಳಿಸಿದ್ದೆವಲ್ಲ ಎನ್ನುತ್ತಾನೆ. ಗ್ಲೈಡರ್ ಕೂಡ ತನ್ನ ಜಾಲತಾಣದಲ್ಲಿ ಹಾಗೆ ಬರೆದುಕೊಂಡೇ ಮಾರಾಟ ಮುಂದುವರಿಸಿತ್ತು.

ನನ್ನ ಅಕ್ಕನ ಮಗ ಹಾಸನದಲ್ಲಿ ಎಂಜಿನಿಯರಿಂಗ್ ಓದುವಾಗ ಒಂದು ಮೊಬೈಲ್ ಆಟಕ್ಕೆ ಇಂಥದ್ದೇ ಬಾಟ್ ಹಾಕಿದ್ದ. ರಾತ್ರಿಯಿಡೀ ಹಾಸ್ಟೆಲಿನ ಲ್ಯಾಪ್‌ಟಾಪಿನಲ್ಲಿ ಅದು ಊರುಗಳನ್ನು ಲೂಟಿ ಮಾಡುತ್ತಿತ್ತು. ಸುಮಾರು ಎರಡು ತಿಂಗಳು ಏನೂ ಆಗಲಿಲ್ಲ. ಒಂದು ಬೆಳಗ್ಗೆ ಫೋನ್ ಮಾಡಿ, “ಮಾವ, ಐಡಿ ಹೋಯ್ತು” ಅಂದ, ದನಿ ಸಣ್ಣಗಾಗಿತ್ತು. ಹೈಸ್ಕೂಲಿನಿಂದ ಕಟ್ಟಿಕೊಂಡು ಬಂದ ಖಾತೆ ಅದು. ಗೆಳೆಯರ ಬಳಗ, ಅವರ ಜೊತೆಗಿನ ಹರಟೆ ಎಲ್ಲ ಅದರಲ್ಲೇ ಇತ್ತು. ಮನವಿ ಕಳಿಸಿದ. ನಿರ್ಧಾರ ಅಂತಿಮ ಎಂಬ ಎರಡು ಸಾಲಿನ ಸಿದ್ಧ ಉತ್ತರ ಬಂತು. ಅವನು ತಪ್ಪು ಮಾಡಿದ್ದ, ಒಪ್ಪಿಕೊಂಡ. ತಪ್ಪು ಮಾಡದವನಿಗೂ ಇದೇ ಎರಡು ಸಾಲು ಬರುತ್ತದಲ್ಲ ಎಂಬುದು ನನ್ನನ್ನು ಆಗಿನಿಂದ ಕೊರೆಯುತ್ತಿದೆ.

ಅಂಥವರು ಇದ್ದಾರೆ. 2010ರ ಜುಲೈನಲ್ಲಿ ವಾಲ್ವ್ ಕಂಪನಿಯ ಪತ್ತೆ ವ್ಯವಸ್ಥೆ ‘ಮಾಡರ್ನ್ ವಾರ್‌ಫೇರ್ 2’ ಆಡುತ್ತಿದ್ದ ಸುಮಾರು 12,000 ನಿರಪರಾಧಿಗಳನ್ನು ಮೋಸಗಾರರೆಂದು ಬ್ಯಾನ್ ಮಾಡಿತ್ತು. ಕಂಪನಿಯ ಮುಖ್ಯಸ್ಥ ಗೇಬ್ ನ್ಯೂವೆಲ್ ಕ್ಷಮೆ ಕೇಳಿದರು, ಬ್ಯಾನ್ ತೆರವಾಯಿತು, ಪ್ರತಿಯೊಬ್ಬರಿಗೂ ಒಂದು ಆಟವನ್ನು ಉಚಿತವಾಗಿ ಕೊಟ್ಟರು. ಸಂಖ್ಯೆ ಸಾವಿರಗಳಲ್ಲಿದ್ದದ್ದರಿಂದ ತಪ್ಪು ಬಯಲಾಯಿತು. ಒಬ್ಬನೇ ಒಬ್ಬ ಸಿಕ್ಕಿಹಾಕಿಕೊಂಡಾಗ ಯಾರು ಕೇಳುತ್ತಾರೆ? ಪತ್ತೆಯ ಗುಟ್ಟು ಕಾಪಾಡಲು ಕಾರಣ ಹೇಳುವುದಿಲ್ಲ ಎಂಬ ಕಂಪನಿಗಳ ವಾದ ನನಗೆ ಅರ್ಥವಾಗುತ್ತದೆ. ಆದರೂ ಮನವಿಯನ್ನು ಒಬ್ಬ ಮನುಷ್ಯ ಓದುವಷ್ಟು ಮರ್ಯಾದೆಯನ್ನು ಹಣ ಕೊಟ್ಟು ಆಡುವವರು ನಿರೀಕ್ಷಿಸಬಹುದು.

ಇಷ್ಟಾದರೂ ಬಾಟ್‌ಗೆ ಬ್ಯಾನ್ ಸರಿಯಾದ ಶಿಕ್ಷೆ ಎಂದೇ ನನ್ನ ಮತ. ಕಾರಣ ಕಂಪನಿಯಲ್ಲ, ಪಕ್ಕದಲ್ಲಿ ಆಡುವವರು. ನಮ್ಮ ಮನೆಗಳಲ್ಲಿ ಚೌಕಾಬಾರ ಆಡುವಾಗ ಅಡುಗೆಮನೆಯಿಂದ ಕರೆ ಬಂದರೆ ಎದ್ದುಹೋದವರ ಕವಡೆಯನ್ನು ಇನ್ನೊಬ್ಬರು ಹಾಕುತ್ತಾರೆ. ಮಣೆಯ ಸುತ್ತ ಕೂತವರು ಹೂಂ ಎಂದರೆ ಮಾತ್ರ. ಬಾಟ್ ಆ ಹೂಂ ಕೇಳುವುದಿಲ್ಲ. ರಾತ್ರಿಯಿಡೀ ಅದು ಅಗೆದ ಅದಿರು, ಗಳಿಸಿದ ಚಿನ್ನ ಎಲ್ಲ ಬೆಳಗ್ಗೆ ಆಟದ ಸಂತೆಗೆ ಬರುತ್ತವೆ. ಕೈಯಾರೆ ಅಗೆದವನ ಸರಕಿನ ಬೆಲೆ ಬೀಳುತ್ತದೆ. 2004ರ ಡಿಸೆಂಬರ್‌ನಿಂದ 2008ರ ಮಾರ್ಚ್‌ವರೆಗೆ ಬಾಟ್‌ಗಳ ವಿರುದ್ಧ 4,65,000 ದೂರುಗಳು ಬಂದಿವೆ ಎಂದು ಬ್ಲಿಝಾರ್ಡ್ ನ್ಯಾಯಾಲಯಕ್ಕೆ ಹೇಳಿತ್ತು. ದೂರು ಕೊಟ್ಟವರು ಆಟಗಾರರೇ.

ಗ್ಲೈಡರ್ 2009ರ ಮಾರ್ಚ್‌ನಲ್ಲಿ ನ್ಯಾಯಾಲಯದ ಆದೇಶದಿಂದ ನಿಂತಿತು. ಮೇಲ್ಮನವಿಯಲ್ಲಿ 2010ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ಗಮನಿಸಬೇಕಾದದ್ದು. ಕರಾರು ಮುರಿದು ಬಾಟ್ ಬಳಸಿದ ಮಾತ್ರಕ್ಕೆ ಆಟಗಾರ ಕೃತಿಸ್ವಾಮ್ಯದ ಅಪರಾಧಿಯಾಗುವುದಿಲ್ಲ, ಆದರೆ ವಾರ್ಡನ್‌ನ ಕಣ್ಣು ತಪ್ಪಿಸುವ ಸಾಧನ ಮಾರಿದ್ದು ಕಾನೂನಿಗೆ ವಿರುದ್ಧ ಎಂದಿತು. ದಕ್ಷಿಣ ಕೊರಿಯಾ 2016ರಲ್ಲಿ ತಂದ ತಿದ್ದುಪಡಿಯೂ ಇಂಥ ತಂತ್ರಾಂಶ ತಯಾರಿಸಿ ಹಂಚುವವರನ್ನೇ ಗುರಿಮಾಡಿದೆ. ಹೊಣೆ ಇರಬೇಕಾದ ಜಾಗ ಅದೇ.

ನಿಮ್ಮ ಕಂಪ್ಯೂಟರಿನಲ್ಲಿ ಇಂಥದ್ದೊಂದು ಬಾಟ್ ಇದ್ದರೆ, ಅದಕ್ಕೆ ನಿಮ್ಮ ಆಟದ ಪಾಸ್‌ವರ್ಡ್ ಕೊಟ್ಟಿದ್ದರೆ, ಇವತ್ತೇ ಅದನ್ನು ತೆಗೆದುಹಾಕಿ, ಪಾಸ್‌ವರ್ಡ್ ಬದಲಿಸಿ. ಇಷ್ಟು ದಿನ ಏನೂ ಆಗಿಲ್ಲವಲ್ಲ ಎಂಬ ಧೈರ್ಯದ ಮೇಲೆ ಇನ್ನೊಂದು ರಾತ್ರಿ ಅದನ್ನು ಓಡಿಸಬೇಡಿ.