ಮರುಕದ ಮರೆಯಲ್ಲಿ ಇಬ್ಬರು ಮಕ್ಕಳು

ಕಂಪೆನಿ ಸರಕಾರದ ಸೇನಾಧಿಕಾರಿಗಳು ಬರೆದಿಟ್ಟ ನೆನಪಿನ ಪುಸ್ತಕಗಳನ್ನು ನಾವು ಮಾಹಿತಿಗಾಗಿ ಓದುತ್ತೇವೆ. ಅವರು ಏನನ್ನು ಹೇಳದೆ ಬಿಟ್ಟರು ಎಂದು ಕೇಳಿಕೊಳ್ಳುವುದು ಕಡಿಮೆ. 1830ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಕರ್ನಲ್ ಜೇಮ್ಸ್ ವೆಲ್ಶ್‌ನ ‘ಮಿಲಿಟರಿ ರೆಮಿನಿಸೆನ್ಸಸ್’ ಅನ್ನು ಈ ದೃಷ್ಟಿಯಿಂದ ಓದಬೇಕು.

ಶಿವಗಂಗೆಯ ಚಿನ್ನ ಮರುದು ಈ ವೆಲ್ಶ್‌ಗೆ ಭರ್ಜಿ ಎಸೆಯುವುದನ್ನು ಕಲಿಸಿದ ಗೆಳೆಯ. 1801ರಲ್ಲಿ ಮರುದು ಬಂಡೆದ್ದಾಗ ಅವನ ಮೇಲೆ ಹೋದ ದಂಡಿನಲ್ಲಿ ವೆಲ್ಶ್ ಕೂಡ ಇದ್ದ. ಅದೇ ಅಕ್ಟೋಬರ್ 24ರಂದು ಮರುದು ಸಹೋದರರು ತಿರುಪ್ಪತ್ತೂರಿನಲ್ಲಿ ಗಲ್ಲಿಗೇರಿದರು. ಚಿನ್ನ ಮರುದುವಿನ ಮಗ ದೊರೆಸ್ವಾಮಿ ಆಗ ಸುಮಾರು 15ರ ಹುಡುಗ. 1802ರ ಫೆಬ್ರವರಿಯಲ್ಲಿ ತೂತ್ತುಕುಡಿಯಿಂದ ಹೊರಟ ಹಡಗಿನಲ್ಲಿ, ಎಪ್ಪತ್ತಕ್ಕೂ ಹೆಚ್ಚು ಬಂಡಾಯಗಾರರ ಜೊತೆ, ಅವನನ್ನೂ ಪೆನಾಂಗ್ ದ್ವೀಪಕ್ಕೆ ಗಡೀಪಾರು ಮಾಡಿದರು. ಅಪ್ಪನ ಮಗನಾಗಿದ್ದದ್ದೇ ಅವನ ಅಪರಾಧ.

1818ರಲ್ಲಿ ಪೆನಾಂಗಿಗೆ ಹೋದ ವೆಲ್ಶ್‌ಗೆ, ಮುದುಕನಂತೆ ಕುಗ್ಗಿಹೋಗಿದ್ದ ಕೈದಿಯೊಬ್ಬನ ಗುರುತೇ ಸಿಗಲಿಲ್ಲ. ಹೆಸರು ಕೇಳಿದ ಮೇಲೆ ತಾನು ಪಟ್ಟ ಸಂಕಟವನ್ನು ಅವನು ಮುಚ್ಚಿಡದೆ ಬರೆದಿದ್ದಾನೆ. ಓದುಗರ ಮನಸ್ಸೂ ಕಲಕುತ್ತದೆ. ಆದರೆ ನಾವು ಮರುಗುವುದು ಯಾರಿಗಾಗಿ? ಆ ಪುಟದ ನಾಯಕ ವೆಲ್ಶ್‌ನೇ. ಮೂವತ್ತರ ಆಸುಪಾಸಿನ ಯುವಕನನ್ನು ಮುದುಕನನ್ನಾಗಿಸಿದ ಹದಿನಾರು ವರ್ಷಗಳ ಕತೆ ಅಲ್ಲಿಲ್ಲ.

ಇದರ ಪಕ್ಕದಲ್ಲಿ ನಮ್ಮ ನಾಡಿನ ಒಂದು ಪ್ರಸಂಗವನ್ನಿಟ್ಟು ನೋಡಿ. 1800-01ರ ದಕ್ಷಿಣದ ಬಂಡಾಯಗಳನ್ನು ಒಂದೇ ಹೋರಾಟವೆಂದು ಕಂಡ ಇತಿಹಾಸಕಾರ ಕೆ. ರಾಜಯ್ಯನ್, ಮರುದುಗಳ ಜೊತೆ ಧೋಂಡಿಯಾ ವಾಘ್‌ನನ್ನೂ ಸೇರಿಸುತ್ತಾರೆ. ಶ್ರೀರಂಗಪಟ್ಟಣದ ಸೆರೆಯಿಂದ 1799ರಲ್ಲಿ ಹೊರಬಂದ ಧೋಂಡಿಯಾ, 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಹತನಾದ. ಅವನ ಪಾಳೆಯದಲ್ಲಿ ಸಿಕ್ಕ ಸುಮಾರು ನಾಲ್ಕು ವರ್ಷದ ಮಗ ಸಲಾಬತ್ ಖಾನ್‌ನನ್ನು ಆರ್ಥರ್ ವೆಲ್ಲೆಸ್ಲಿ ಸಾಕಿದ. ಭಾರತ ಬಿಡುವಾಗ ಅವನಿಗಾಗಿ ಹಣವನ್ನೂ ಇಟ್ಟುಹೋದ. ಹುಡುಗ ಬೆಳೆದು ಮೈಸೂರು ಮಹಾರಾಜರ ಸೇವೆಗೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ. ಇಂಗ್ಲಿಷ್ ಜೀವನಚರಿತ್ರೆಗಳಲ್ಲಿ ಇದು ವೆಲ್ಲೆಸ್ಲಿಯ ಔದಾರ್ಯಕ್ಕೆ ನಿದರ್ಶನ.

ಇಬ್ಬರೂ ಬಂಡಾಯಗಾರರ ಮಕ್ಕಳು. ಒಬ್ಬನಿಗೆ ಆಶ್ರಯ, ಇನ್ನೊಬ್ಬನಿಗೆ ಹಡಗು. ಇದನ್ನು ನಿರ್ಧರಿಸಿದ್ದು ಗೆದ್ದವರ ಇಷ್ಟವೇ ಹೊರತು ಮಕ್ಕಳ ತಪ್ಪಲ್ಲ. ನ್ಯಾಯವಿಲ್ಲದ ಕಡೆ ದಯೆ ಕೂಡ ಅಧಿಕಾರದ ಇನ್ನೊಂದು ಹೆಸರಾಗುತ್ತದೆ.

ವೆಲ್ಶ್‌ನನ್ನು ಕಪಟಿ ಎನ್ನಬೇಕಾಗಿಲ್ಲ. ಪೆನಾಂಗಿನ ಆ ಭೇಟಿ ನಮಗೆ ಗೊತ್ತಿರುವುದು ಅವನು ಬರೆದಿಟ್ಟದ್ದರಿಂದಲೇ. ಆದರೆ ಅವನ ಕಣ್ಣೀರಿಗೆ ಕರಗಿ ಪುಸ್ತಕ ಮುಚ್ಚಿಬಿಟ್ಟರೆ, ದೊರೆಸ್ವಾಮಿಯನ್ನು ನಾವೂ ಎರಡನೆಯ ಸಲ ಹಡಗು ಹತ್ತಿಸಿದಂತೆಯೇ.